ರಫೂ ಮಾಡಿದ ರೆಕ್ಕೆ

ಪ್ರಾಣಿಶಾಸ್ತ್ರ ಓದಿದ ನಮ್ಮ ಕಾಲದವರನ್ನು ಯಾರನ್ನೇ ಕೇಳಿ, ಹುಳದ ಡಬ್ಬಿಯ ಬಗ್ಗೆ ಒಂದಾದರೂ ಸುಳ್ಳು ಹೇಳಿರುತ್ತಾರೆ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬರೂ ಇಪ್ಪತ್ತು ಕೀಟ ಹಿಡಿದು, ಒಣಗಿಸಿ, ಸೂಜಿ ಚುಚ್ಚಿ, ಥರ್ಮಾಕೋಲ್ ಹಾಸಿದ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ ತರಬೇಕಿತ್ತು. ಪ್ರತಿ ಹುಳದ ಕೆಳಗೆ ಉಗುರಿನಷ್ಟು ಒಂದು ಚೀಟಿ: ಯಾವ ಹುಳ, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹಿಡಿದವರು ಯಾರು. ಇಡೀ ಡಬ್ಬಿಗೆ ಐದು ಅಂಕ. ಆ ಐದು ಅಂಕಕ್ಕಾಗಿ ಹುಬ್ಬಳ್ಳಿ ಧಾರವಾಡದ ಸುತ್ತಲಿನ ಹುಳಗಳ ಮೇಲೆ ನಾವು ಹೂಡಿದ ದಂಡಯಾತ್ರೆ ನೆನೆದರೆ ಈಗ ನಗು ಬರುತ್ತದೆ, ಹಿಂದೆಯೇ ನಾಚಿಕೆಯೂ ಬರುತ್ತದೆ.

ನನ್ನ ಸುಳ್ಳು ಉಳಿದವರದಕ್ಕಿಂತ ದೊಡ್ಡದು. ಹನ್ನೆರಡು ವರ್ಷ ಅದು ತಪ್ಪು ಎಂದೇ ನನಗೆ ಅನಿಸಿರಲಿಲ್ಲ. ಹಾಗಾಗಿ ಅದನ್ನು ಬರೆದಿಡುವುದು ಒಳ್ಳೆಯದು.

ನಮ್ಮದು ಹುಬ್ಬಳ್ಳಿಯ ಕಮರಿಪೇಟೆ. ಅಪ್ಪನದು ಬಟ್ಟೆ ಅಂಗಡಿ. ಅಂಗಡಿ ಇಡುವ ಮುಂಚೆ ಅಪ್ಪ ರಫೂ ಕೆಲಸ ಕಲಿತಿದ್ದ. ಹರಿದ ಬಟ್ಟೆಯ ದಾರವನ್ನೇ ಎಳೆದು ಹರಿದ ಜಾಗವನ್ನು ನೇಯ್ದುಬಿಟ್ಟರೆ ಎಲ್ಲಿ ಹರಿದಿತ್ತು ಎಂದು ಹೊಲಿಸಿಕೊಂಡವರಿಗೂ ತಿಳಿಯುತ್ತಿರಲಿಲ್ಲ. ಲಿಂಗಪೂಜೆ ಮುಗಿಯದೆ ಚಹಾ ಕೂಡ ಕುಡಿಯದ ಮನೆ ನಮ್ಮದು. ಅಲ್ಲಿ ನಾನು ಒಂದು ದಿನ ಕ್ಲೋರೋಫಾರ್ಮ್ ಬಾಟಲಿ ತಂದು ಕಿಟಕಿಯಲ್ಲಿ ಇಟ್ಟಾಗ ಅವ್ವ ಸಿಡಿದೆದ್ದಳು.

"ಇರಿವಿ ಸಾಲು ಕಂಡ್ರ ಸಕ್ರಿ ಹಾಕೋ ಮಂದಿ ನಾವು. ನೀ ನೋಡಿದ್ರ ಹುಳಾ ಕೊಂದು ಸೂಜಿ ಚುಚ್ಚಾಕತ್ತಿ. ಇದೆಂಥಾ ಸಾಲೀನವಾ ನಿಂದು?"

"ಇರ್ಲಿ ಬಿಡ, ಪರೀಕ್ಷಾ ಐತಿ ಅಕಿದು," ಎಂದ ಅಪ್ಪ. ಅಂಗಡಿಯಲ್ಲಿ ಉಳಿದಿದ್ದ ಪರದೆ ಬಟ್ಟೆಯಿಂದ ಅವನೇ ನನಗೆ ಬಲೆ ಹೊಲಿದುಕೊಟ್ಟ. ಹೊಸ ಶರ್ಟುಗಳಿಗೆ ಚುಚ್ಚಿ ಬರುತ್ತಿದ್ದ ನೀಲಿ ತಲೆಯ ಗುಂಡುಸೂಜಿಗಳನ್ನು ಒಂದು ಪುಡಿಕೆ ಕಟ್ಟಿಕೊಟ್ಟ. ಶರ್ಟಿನ ರಟ್ಟಿನ ಡಬ್ಬಿಯೇ ನನ್ನ ಹುಳದ ಡಬ್ಬಿಯಾಯಿತು. ನನ್ನ ವಿಜ್ಞಾನವೆಲ್ಲ ಬಟ್ಟೆ ಅಂಗಡಿಯಿಂದಲೇ ಬಂದದ್ದು.

ತೊಂಬತ್ತೆರಡರ ಅಕ್ಟೋಬರಿನ ಒಂದು ರವಿವಾರ ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಗಬ್ಬೂರಿನ ಆಚೆಗಿನ ಕೆರೆಗೆ ಕರೆದುಕೊಂಡು ಹೋದ. ಆಗ ಅಲ್ಲಿ ಬೈಪಾಸ್ ರಸ್ತೆ ಇನ್ನೂ ಆಗಿರಲಿಲ್ಲ. ಜೋಳದ ಹೊಲಗಳ ನಡುವೆ ಅಂಥ ದೊಡ್ಡದೂ ಅಲ್ಲದ, ಸಣ್ಣದೂ ಅಲ್ಲದ ಒಂದು ಕೆರೆ. ದಂಡೆಯ ಉದ್ದಕ್ಕೂ ಚಾಪೆ ಹೆಣೆಯುವ ಆಪು ಹುಲ್ಲು ಎದೆಯೆತ್ತರ ಬೆಳೆದಿತ್ತು. ನೀರಿನಲ್ಲಿ ಏಳೆಂಟು ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿದ್ದವು. ಅವುಗಳ ಒಡತಿ, ನಡುವಯಸ್ಸಿನ ಹೆಂಗಸು, ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ವಿಮಾನದ ಹುಳ ಎಂದು ನಾವು ಚಿಕ್ಕಂದಿನಿಂದ ಕರೆಯುತ್ತಿದ್ದ ಕೀಟಕ್ಕೆ ಡ್ರ್ಯಾಗನ್‌ಫ್ಲೈ ಎನ್ನುತ್ತಾರೆ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಕೆಂಪು, ಹಳದಿ, ನೀಲಿ ಎಲ್ಲ ಬಣ್ಣದವೂ ಅಲ್ಲಿದ್ದವು. ಅವುಗಳ ನಡುವೆ ಒಂದು ಬೇರೆಯೇ ಇತ್ತು. ಕಪ್ಪಗೆ, ತೆಳ್ಳಗೆ, ಬಾಲದ ತುದಿಗೆ ಅರಿಶಿನದ ಉಂಗುರ ತೊಡಿಸಿದಂತೆ ಒಂದು ಪಟ್ಟೆ. ರೆಕ್ಕೆಯ ಬುಡದಲ್ಲಿ ತಾಮ್ರದ ಬಣ್ಣ. ಎಮ್ಮೆಗಳ ಬೆನ್ನಿನ ಮೇಲೆ ಸುತ್ತಿ, ನೊಣ ಹಿಡಿದು, ಆಪಿನ ತುದಿಗೆ ಬಂದು ಕೂರುತ್ತಿತ್ತು. ನಾನು ಬಲೆ ಎತ್ತಿಕೊಂಡು ಬೆನ್ನು ಹತ್ತಿದೆ, ಕೆಸರಿನಲ್ಲಿ ಒಂದು ಚಪ್ಪಲಿ ಕಳೆದುಕೊಂಡೆ. ಎಮ್ಮೆಯವಳು ನಕ್ಕಳು.

"ಸಾವಕಾರ್ರ, ನಿಮ್ಮ ಮಗಳು ಎಮ್ಮಿ ಕಾವಲಗಾರನ್ನ ಹಿಡದು ಏನ ಮಾಡ್ತಾಳ್ರಿ? ನೊಣಾ ತಿಂದು ಎಮ್ಮಿ ಕಾಯ್ತಾವ್ರಿ ಅವು."

ಅಪ್ಪ ಹತ್ತು ನಿಮಿಷ ಆ ಹುಳವನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ನನ್ನನ್ನು ಕರೆದು ಹೇಳಿದ: "ಎಲ್ಲಿ ಹೋದ್ರೂ ಹೊಳ್ಳಿ ಅದ ಎಸಳಿಗೇ ಬರತೈತಿ ನೋಡ. ಗಿರಾಕಿ ಇದ್ದಂಗ. ಬೆನ್ನ ಹತ್ತಬ್ಯಾಡ. ಬಾಜೂಕ ಕುಂತು ಕಾಯಿ."

ಕೂತು ಕಾದೆ. ಬಂತು. ಹಿಡಿದೆ. ಬಾಟಲಿಯೊಳಗೆ ಅದು ಬಡಿದುಕೊಳ್ಳುವಾಗ ಅಪ್ಪ ಸ್ಕೂಟರ್ ಒರೆಸುವ ನೆವದಿಂದ ಆ ಕಡೆ ಹೋದ.

ಮನೆಗೆ ಬಂದು ರೆಕ್ಕೆ ಹರಡುವಾಗ ನನ್ನ ಹೆಬ್ಬೆರಳು ತಾಗಿ ಎಡಗಡೆಯ ಹಿಂದಿನ ರೆಕ್ಕೆಯ ತುದಿ ಮುರಿಯಿತು. ಒಂದು ಚೂರು ಎಲ್ಲೋ ಹಾರಿಯೇ ಹೋಯಿತು. ನಾನು ಅತ್ತುಬಿಟ್ಟೆ. ಅಪ್ಪ ಕನ್ನಡಕ ಏರಿಸಿಕೊಂಡು ಕೂತ. ಶರ್ಟಿನ ಪೊಟ್ಟಣದ ಪಾರದರ್ಶಕ ಹಾಳೆಯಿಂದ ಅಕ್ಕಿಕಾಳಿನ ಅರ್ಧದಷ್ಟು ಚೂರು ಬ್ಲೇಡಿನಿಂದ ಕತ್ತರಿಸಿದ. ಸೂಜಿಯ ಮೊನೆಯಲ್ಲಿ ಗೋಂದು ಹಚ್ಚಿ ಅಂಟಿಸಿದ. ಅಷ್ಟಕ್ಕೇ ಬಿಡಲಿಲ್ಲ. ಕಪ್ಪು ರೇಷ್ಮೆ ದಾರದ ಒಂದೇ ಒಂದು ಎಳೆ ಬಿಡಿಸಿ, ರೆಕ್ಕೆಯ ನರ ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ ಮುಂದುವರಿಸಿದಂತೆ ಆ ಚೂರಿನ ಮೇಲೆ ಕೂಡಿಸಿದ. ಸಂಜೆಯಾಯಿತು, ಅಂಗಡಿಯ ಹುಡುಗರು ಕರೆಯಲು ಬಂದರೂ ಏಳಲಿಲ್ಲ. ಹುಳ ಕೊಂದದ್ದಕ್ಕೆ ಎರಡು ದಿನದಿಂದ ಮಾತು ಬಿಟ್ಟಿದ್ದ ಅವ್ವ ಕೂಡ ಬಂದು ಬಗ್ಗಿ ನೋಡಿದಳು.

ಆ ಹುಳದ ಅರಿಶಿನದ ಉಂಗುರ ವಾರದೊಳಗೆ ಮಾಸಿ ಮಣ್ಣಿನ ಬಣ್ಣವಾಯಿತು. ವಿಮಾನದ ಹುಳಗಳ ಪಾಡೇ ಅಷ್ಟು, ಬಣ್ಣ ಜೀವದ ಜೊತೆಯೇ ಹೋಗುತ್ತದೆ. ಆದ್ದರಿಂದ ಸತ್ತ ಹುಳ ನೋಡಿ ಅದು ಹೋದ ವರ್ಷದ್ದೋ ಹತ್ತು ವರ್ಷದ ಹಿಂದಿನದೋ ಎಂದು ಹೇಳಲು ಬರುವುದಿಲ್ಲ. ಎಲ್ಲವೂ ಕೆಳಗಿನ ಚೀಟಿಯನ್ನೇ ನಂಬಿ ನಡೆಯುತ್ತದೆ.

ನನಗೆ ಐದಕ್ಕೆ ಐದು ಬಂತು. ಫಲಿತಾಂಶದ ಮರುದಿನ ಒಬ್ಬ ಜೂನಿಯರ್ ಹುಡುಗಿ ಮನೆಗೆ ಬಂದಳು. "ಅಕ್ಕಾ, ನಿಮ್ಮ ಡಬ್ಬಿ ನನಗ ಕೊಡ್ರಿ," ಎಂದಳು. ಇದು ನಮ್ಮ ಕಾಲೇಜಿನ ಪದ್ಧತಿ. ಹಳೆಯ ಡಬ್ಬಿ ಹೊಸಬರಿಗೆ ಹೋಗುವುದು, ಚೀಟಿಯಲ್ಲಿ ಹೆಸರು ಮತ್ತು ತಾರೀಖು ಬದಲಾಗುವುದು. ಅಕ್ಕನ ಲಂಗ ತಂಗಿಗೆ ಹೋದ ಹಾಗೆ, ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ. ಹಾಗೆ ನೋಡಿದರೆ ಇಪ್ಪತ್ತು ಜೀವ ಉಳಿಯಿತಲ್ಲ ಎಂದು ಅವ್ವ ಖುಷಿಪಟ್ಟಳು. ನನ್ನ ಅಕ್ಷರ ದುಂಡಗಿವೆ ಎಂದು ಹೊಸ ಚೀಟಿಗಳನ್ನೂ ನಾನೇ ಬರೆದುಕೊಟ್ಟೆ. ಗಬ್ಬೂರ ಕೆರೆ, ತೊಂಬತ್ತಮೂರು.

ಎಂ.ಎಸ್ಸಿ. ಮುಗಿಸಿ ತೊಂಬತ್ತೇಳರಲ್ಲಿ ಧಾರವಾಡದ ಅದೇ ಕಾಲೇಜಿಗೆ ಪಾಠ ಹೇಳಲು ಸೇರಿದೆ. ವಿಭಾಗದ ಮುಖ್ಯಸ್ಥರು ನನಗೆ ಕಲಿಸಿದ ಸರ್ ಅವರೇ. ಆ ವರ್ಷ ಡಬ್ಬಿಗಳನ್ನು ನೋಡುತ್ತಾ ಬಂದಾಗ ನೀಲಿ ತಲೆಯ ಗುಂಡುಸೂಜಿಯ ಮೇಲೆ ನನ್ನ ಹುಳ ನಿಂತಿತ್ತು! ಕಾಲು ಎರಡು ಉದುರಿದ್ದವು, ರಫೂ ಮಾತ್ರ ಗಟ್ಟಿಯಾಗಿತ್ತು. ಚೀಟಿಯಲ್ಲಿ ಯಾವುದೋ ಹುಡುಗನ ಹೆಸರು, ಅದೇ ವರ್ಷದ ತಾರೀಖು. ಬೈಯುವುದು ಬಿಟ್ಟು ನಾನು ಒಳಗೊಳಗೇ ಹಿಗ್ಗಿದೆ. ಅಂಕ ಕೊಟ್ಟೆ. ಮುಂದಿನ ವರ್ಷವೂ ಬಂತು, ಅದರ ಮುಂದಿನ ವರ್ಷವೂ. ತೊಂಬತ್ತೊಂಬತ್ತರಲ್ಲಿ ಅಪ್ಪ ತೀರಿಕೊಂಡ. ಆಮೇಲಂತೂ ಪ್ರತಿ ಪರೀಕ್ಷೆಯಲ್ಲೂ ನಾನು ಕಾಯುತ್ತಿದ್ದದ್ದು ಆ ಡಬ್ಬಿಯನ್ನೇ. ಕೊನೆಗೆ ಎರಡು ಸಾವಿರದ ಎರಡರಲ್ಲಿ ಒಬ್ಬ ವಿದ್ಯಾರ್ಥಿನಿ ಡಬ್ಬಿಯನ್ನು ವಿಭಾಗಕ್ಕೇ ಬಿಟ್ಟುಹೋದಳು. ಅದು ಇನ್ನು ಮುಂದೆ ಎಲ್ಲೂ ಹೋಗದಿರಲಿ ಎಂಬ ಆಸೆಯಿಂದ ನಾನು ಅದನ್ನು ಗಾಜಿನ ಕಪಾಟಿಗೆ ಸೇರಿಸಿದೆ, ರಿಜಿಸ್ಟರಿನಲ್ಲಿ ಚೀಟಿಯಲ್ಲಿದ್ದಂತೆಯೇ ಬರೆದು ಸಹಿ ಮಾಡಿದೆ. ತಾರೀಖು ಸುಳ್ಳು ಎಂದು ಗೊತ್ತಿದ್ದೇ ಮಾಡಿದೆ. ಅದನ್ನು ಯಾರು ನೋಡುತ್ತಾರೆ ಎಂದುಕೊಂಡೆ.

ಮೂರು ವರ್ಷದ ಮೇಲೆ ನೋಡುವವಳು ಬಂದಳು. ಮೈಸೂರು ಕಡೆಯ ಹುಡುಗಿ, ವಿಮಾನದ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಬಲೆ, ಬಿಸಿಲಿಗೆ ಸುಟ್ಟ ಮೂಗು. ಯಾವ ಹುಳದ ಸ್ಥಿತಿ ಹೇಗಿದೆ ಎಂದು ಒಂದು ಪಟ್ಟಿ ತಯಾರಾಗುತ್ತಿದೆ, ಅದಕ್ಕಾಗಿ ನಮ್ಮ ಭಾಗದ ಕೆರೆಗಳನ್ನೂ ಕಾಲೇಜುಗಳ ಕಪಾಟುಗಳನ್ನೂ ನೋಡುತ್ತಿದ್ದೇನೆ ಎಂದಳು. ಕಪಾಟು ತೆಗೆದುಕೊಟ್ಟೆ. ನನ್ನ ಹುಳದ ಎದುರು ಅವಳು ನಿಂತೇಬಿಟ್ಟಳು. ಭೂತಕನ್ನಡಿ ಹಿಡಿದು ಎಷ್ಟು ಹೊತ್ತು ನೋಡಿದಳೆಂದರೆ ನನ್ನ ಚಹಾ ಆರಿತು.

"ಮೇಡಂ, ಇದು ಎಷ್ಟು ಅಪರೂಪ ಅಂತ ನಿಮಗೆ ಗೊತ್ತಾ? ಹಳೇ ಕಾಲದ ಮೂರ್ನಾಲ್ಕು ಮಾದರಿ ಬಿಟ್ರೆ ಯಾರ ಹತ್ರಾನೂ ಇಲ್ಲ. ನನ್ನ ಪಟ್ಟಿಯಲ್ಲಿ ಇದರ ಮುಂದೆ 'ಮಾಹಿತಿ ಸಾಲದು' ಅಂತ ಬರೆದಿದೆ. ಇದೆ ಅಂತಾನೂ ಹೇಳಕ್ಕಾಗಲ್ಲ, ಹೋಯ್ತು ಅಂತಾನೂ ಹೇಳಕ್ಕಾಗಲ್ಲ. ನೀವು ನೋಡಿದ್ರೆ ಮೂರೇ ವರ್ಷದ ಹಿಂದೆ ಹಿಡಿದಿದ್ದೀರಿ!"

ಮತ್ತೆ ಕನ್ನಡಿ ಬಗ್ಗಿಸಿದಳು. "ಅಯ್ಯೋ, ಈ ರೆಕ್ಕೆ ಯಾರೋ ರಿಪೇರಿ ಮಾಡಿದ್ದಾರೆ. ನರ ಸಮೇತ! ಎಂಥ ಕೈ ರೀ ಆ ವಿದ್ಯಾರ್ಥಿನಿದು."

ಅಪ್ಪ ಹೋದ ಮೇಲಿನ ಆರು ವರ್ಷದಲ್ಲಿ ಅವನ ಕೈಯನ್ನು ಹೊಗಳಿದವಳು ಅವಳೊಬ್ಬಳೇ. ಆದರೆ ಅದು ಅಪ್ಪನದು ಎನ್ನುವಂತಿರಲಿಲ್ಲ.

ಅವಳು ಇನ್ನೊಂದು ಸಂಗತಿ ಹೇಳಿದಳು. ಆ ಕೆರೆಯನ್ನು ಮುಚ್ಚಿ ಲಾರಿ ನಿಲ್ಲಿಸುವ ಜಾಗ ಮಾಡುವ ಮಾತು ನಡೆದಿದೆ. ಇಂಥ ಹುಳ ಅಲ್ಲಿದೆ ಎಂದು ಆಧಾರ ಸಮೇತ ಬರೆದುಕೊಟ್ಟರೆ ಅಧಿಕಾರಿಗಳು ಮುಚ್ಚಲು ಬಿಡುವುದಿಲ್ಲ. ಆಧಾರ ಎಂದರೆ ಈ ಮಾದರಿ, ಈ ಚೀಟಿ, ಮತ್ತು ತಾರೀಖು ಸರಿಯಿದೆ ಎಂದು ನನ್ನ ಸಹಿ ಇರುವ ಒಂದು ಪತ್ರ. ನಾಳೆ ಬಂದು ಪತ್ರ ತೆಗೆದುಕೊಳ್ಳುತ್ತೇನೆ, ಈಗ ಕೆರೆ ತೋರಿಸಿ ಎಂದಳು. ಹೂಂ ಎಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಬಸ್ಸಿನಲ್ಲಿ ಹುಬ್ಬಳ್ಳಿ ಬರುವ ತನಕ ಅವಳ ಮುಖ ನೋಡದೆ ಕಿಟಕಿಯನ್ನೇ ನೋಡಿದೆ.

ಹದಿಮೂರು ವರ್ಷದ ಮೇಲೆ ಆ ಕೆರೆಗೆ ಹೋದೆ. ಬೈಪಾಸಿನ ಮೇಲೆ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಕೆರೆಯಲ್ಲಿ ನೀರಿತ್ತು. ಆಪು ಹುಲ್ಲು ಒಂದು ಎಸಳೂ ಇರಲಿಲ್ಲ. ದಂಡೆಯನ್ನು ಅಗೆದು ಮಣ್ಣು ಒಯ್ದ ಗುಂಡಿಗಳು ಇದ್ದವು. ಎಮ್ಮೆಗಳು ಇದ್ದವು, ಎಮ್ಮೆಯವಳೂ ಇದ್ದಳು. ಕೂದಲು ಬೆಳ್ಳಗಾಗಿತ್ತು, ಕಲ್ಲು ಅದೇ. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಸಂಶೋಧಕಿ ತನ್ನ ಪುಸ್ತಕದ ಚಿತ್ರ ತೋರಿಸಿದಳು.

"ಎಮ್ಮಿ ಕಾವಲಗಾರ," ಎಂದಳು ಎಮ್ಮೆಯವಳು ಥಟ್ಟನೆ. "ಇದು ಈಗ ಎಲ್ಲೈತ್ರಿ? ಇಟ್ಟಂಗಿ ಭಟ್ಟಿಯವರು ಆಪು ಕಿತ್ತು ಮಣ್ಣು ಹೊತ್ತರಲ್ಲ, ಅವತ್ತಿನಿಂದ ಒಂದೂ ಕಂಡಿಲ್ರಿ."

"ಯಾವ ವರ್ಷ ಅದು?" ಸಂಶೋಧಕಿ ಕೇಳಿದಳು.

"ವರ್ಷಾ ಯಾರು ಬರದಿಟ್ಟಾರ್ರಿ? ಬಿಳೇ ಹಣಿ ಎಮ್ಮಿ ಎರಡನೇ ಕರಾ ಹಾಕಿದ ವರ್ಷರಿ. ಆ ಕರಾ ನೋಡ್ರಿ ಅಲ್ಲಿ, ಅದ ಈಗ ಆರ ಕರಾ ಹಾಕೇತಿ."

ನೀರಿನಲ್ಲಿ ಕೊಂಬು ಬಾಗಿದ ಒಂದು ಮುದಿ ಎಮ್ಮೆ ನಮ್ಮ ಕಡೆ ನೋಡುತ್ತಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕರು ಬೆಳೆದು ಎಮ್ಮೆಯಾಗಿ ಆರು ಸಲ ಈಯಬೇಕಾದರೆ ಹತ್ತು ವರ್ಷಕ್ಕೆ ಕಡಿಮೆ ಆಗುವುದಿಲ್ಲ. ಅಂದರೆ ನಾವು ಹಿಡಿದು ಎರಡು ಮೂರು ವರ್ಷದೊಳಗೇ ಅದು ಇಲ್ಲಿಂದ ಹೋಗಿತ್ತು.

ಸಂಶೋಧಕಿ ಪುಸ್ತಕ ಮಡಚಿದಳು. ಸ್ವಲ್ಪ ದೂರ ಬಂದ ಮೇಲೆ ಮೆಲ್ಲಗೆ ಹೇಳಿದಳು: "ಎಮ್ಮೆ ಲೆಕ್ಕದಲ್ಲಿ ವರ್ಷ ಹೇಳಿದ್ರೆ ಹೇಗೆ ಬರ್ಕೊಳ್ಳೋದು ಮೇಡಂ? ಪಾಪ, ಮರೆತಿದ್ದಾರೆ. ಮನುಷ್ಯರು ಮರೀತಾರೆ, ಲೇಬಲ್ ಮರೆಯಲ್ಲ."

ಆ ಮಾತು ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ದಿನವೂ ಆ ನೀರಿನ ಎದುರು ಕೂತವಳ ಖರೇ ಮಾತನ್ನು ನಾನು ದುಂಡಗಿನ ಅಕ್ಷರದಲ್ಲಿ ಶುರು ಮಾಡಿದ ಸುಳ್ಳು ಕೆಡವಿ ಹಾಕಿತ್ತು.

ಮರುದಿನ ಬೇಗ ಹೋಗಿ ಸರ್ ಎದುರು ನಿಂತೆ. ಅವರ ನಿವೃತ್ತಿಗೆ ನಾಲ್ಕೇ ತಿಂಗಳಿತ್ತು. ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ನನಗೇನ ಗೊತ್ತಿಲ್ಲೇನವಾ? ಆ ಹುಳಾ ಹತ್ತು ವರ್ಷ ನನ್ನ ಕಣ್ಣ ಮುಂದನ ಹಾದು ಹೋಗೇದ. ಹುಡುಗರಿಗೆ ಐದು ಅಂಕ ಬಂದ್ರ ಯಾರ ಗಂಟು ಹೋಗ್ತದ ಅಂತ ಸುಮ್ನಿದ್ದೆ. ಈಗ ಅದ ಸುಳ್ಳಿನಿಂದ ಒಂದು ಕೆರಿ ಉಳೀತದ ಅಂದ್ರ ಉಳೀಲಿ ಬಿಡು. ಸಹಿ ಹಾಕಿ ಕೊಡು. ಪುಣ್ಯಾನ ಬರ್ತದ."

ಆ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಕೆರೆ ಹೋದರೆ ಎಮ್ಮೆಗಳು ಎಲ್ಲಿಗೆ ಹೋಗಬೇಕು? ನಾನೊಂದು ಸಹಿ ಮಾಡಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಪತ್ರ ಟೈಪಾಗಿ ಮೇಜಿನ ಮೇಲೆ ಬಂದಿತ್ತು. ಪೆನ್ನಿನ ಟೋಪಿ ತೆಗೆದೆ ಕೂಡ. ಆಗ ಸತ್ಯದ ಮೇಲೆ ನನಗೆ ಏನೋ ದೊಡ್ಡ ಪ್ರೀತಿ ಉಕ್ಕಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಪತ್ರದಲ್ಲಿ "ಹಿಡಿದು ಸಿದ್ಧಪಡಿಸಿದವರು" ಎಂದಿದ್ದ ಕಡೆ ಎರಡು ಸಾವಿರದ ಎರಡರ ಹುಡುಗಿಯ ಹೆಸರಿತ್ತು. ಅದನ್ನು ನೋಡಿ ನನಗೆ ಸಿಟ್ಟು ಬಂತು. ನನ್ನದೇ ಮೋಸಕ್ಕೆ ನನಗೇ ಸಿಟ್ಟು! ಅಪ್ಪ ಅಂಗಡಿ ಬಿಟ್ಟು ಕೂತ ಆ ಸಂಜೆಯನ್ನು ನಾನೇ ಅಳಿಸಿಹಾಕಿದ್ದೆ. ಎಮ್ಮೆಯವಳ ಹತ್ತು ವರ್ಷವನ್ನು ಇವತ್ತು ಅಳಿಸಲು ಕೂತಿದ್ದೆ.

ಸಂಶೋಧಕಿ ಬಂದಳು. ಡಬ್ಬಿ ತೆಗೆದು ಅವಳ ಮುಂದಿಟ್ಟೆ.

"ಕನ್ನಡಿ ಹಿಡೀರಿ. ಆ ರೆಕ್ಕಿ ಮ್ಯಾಲಿನ ನರಾ ಐತಲ್ರಿ, ಅದು ಕಮರಿಪೇಟಿ ಅಂಗಡಿ ರೇಷ್ಮಿ ದಾರಾರಿ. ಹಚ್ಚಿದವರು ನಮ್ಮ ಅಪ್ಪಾರು. ಅವರು ತೀರಿಕೊಂಡು ಆರು ವರ್ಷ ಆತು. ಎರಡು ಸಾವಿರದ ಎರಡರಾಗ ಅವರು ಹೆಂಗ ರಫೂ ಮಾಡ್ತಾರ್ರಿ?"

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ. ಹಿಡಿದ ವರ್ಷ, ಡಬ್ಬಿ ಕೈ ಬದಲಾದದ್ದು, ನಾನು ಬರೆದ ಚೀಟಿ, ನಾನು ಮಾಡಿದ ಸಹಿ. ಅವಳ ಮುಖ ಕೆಂಪಾಯಿತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ರಿಜಿಸ್ಟರಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ಕೇಳಿದಳು: "ಉಳಿದವು? ಇವುಗಳ ತಾರೀಖು?"

"ಗೊತ್ತಿಲ್ರಿ," ಎಂದೆ.

ಅವಳು ರಿಜಿಸ್ಟರ್ ಮುಚ್ಚಿದಳು. ನಮ್ಮ ಕಪಾಟಿನ ಒಂದು ಹುಳವೂ ಇನ್ನು ಸಾಕ್ಷಿಗೆ ಬರುವಂತಿರಲಿಲ್ಲ. ಮೂವತ್ತು ವರ್ಷ ಸರ್ ಕೂಡಿಸಿದ ಕಪಾಟು ಅದು.

"ಒಂದು ಮಾತು ಹೇಳ್ತೀನಿ ಮೇಡಂ," ಎಂದಳು ಕೊನೆಗೆ. "ಅದು ಈ ಕೆರೆಯಲ್ಲಿದೆ ಅಂತ ಬರೆದಿದ್ರೆ ಬೇರೆ ಕೆರೆಗಳಲ್ಲಿ ಯಾರೂ ಹುಡುಕ್ತಾನೇ ಇರ್ಲಿಲ್ಲ. ಎಲ್ಲೋ ನಾಲ್ಕು ಉಳಿದಿದ್ರೆ ಅವೂ ಯಾರಿಗೂ ಕಾಣದೆ ಹೋಗ್ತಿದ್ವು. ಇರೋದನ್ನ ಇಲ್ಲ ಅನ್ನೋದು ತಪ್ಪು. ಇಲ್ಲದ್ದನ್ನ ಇದೆ ಅನ್ನೋದೂ ಅಷ್ಟೇ ತಪ್ಪು."

ಆಮೇಲೆ ಅವಳೇ ಒಂದು ಖಾಲಿ ಚೀಟಿ ಕೊಟ್ಟಳು. ಬರೆದೆ: ಗಬ್ಬೂರ ಕೆರೆ, ಅಕ್ಟೋಬರ್ 1992, ರವಿವಾರ, ತಾರೀಖು ನೆನಪಿಲ್ಲ. ಹಿಡಿದವರು ಎಂದಿದ್ದ ಕಡೆ ನನ್ನ ಹೆಸರು, ಅದರ ಕೆಳಗೆ ಅಪ್ಪನ ಹೆಸರು. ಆಪು ಕಿತ್ತ ಮೇಲೆ ಕಂಡಿಲ್ಲ ಎಂದು ಎಮ್ಮೆಯವಳು ಹೇಳಿದ್ದನ್ನು, ಬಿಳೇ ಹಣೆಯ ಎಮ್ಮೆಯನ್ನೂ ಸೇರಿಸಿ, ಸಂಶೋಧಕಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಸರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅಲ್ಲಿಯವರೆಗೆ ನನ್ನನ್ನು "ಏನವಾ", "ಬಾರವಾ" ಎನ್ನುತ್ತಿದ್ದವರು ಅವತ್ತು "ಛಲೋ ಆತ್ರಿ ಮೇಡಂ" ಎಂದು ಹೋದರು. ನಿವೃತ್ತಿಯ ದಿನದವರೆಗೂ ನಾನು ಅವರಿಗೆ "ಮೇಡಂ" ಆಗಿಯೇ ಉಳಿದೆ. ಅದು ನನ್ನನ್ನು ಸುಟ್ಟಿದೆ, ಈಗಲೂ ಸುಡುತ್ತದೆ. ಮಾಡಿದ್ದುಣ್ಣೋ ಮಹರಾಯ.

ಮುಂದಿನ ರವಿವಾರ ಒಬ್ಬಳೇ ಕೆರೆಗೆ ಹೋದೆ. ಎಮ್ಮೆಯವಳಿಗೆ ಎಲ್ಲ ತಿಳಿಸಬೇಕೆನಿಸಿತ್ತು. ನೀವು ಹೇಳಿದ್ದೇ ಖರೇ ಎಂದು ಬರೆದುಕೊಂಡಿದ್ದಾರೆ, ಆದರೆ ಹುಳ ಇಲ್ಲ ಎಂದಾದ ಮೇಲೆ ಕೆರೆ ಉಳಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದೆ. ಅವಳು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಹುಳಾ ಇಲ್ಲಂದ್ರ ಕೆರಿ ಬ್ಯಾಡೇನ್ರಿ ಅಕ್ಕಾರ? ನನ್ನ ಎಮ್ಮಿ ಅದಾವಲ್ಲ, ಅವನ್ನ ಬರೀರಿ."

ನಾನು ಪೆಚ್ಚಾದೆ. ಇಷ್ಟು ದಿನ ನನಗಾಗಲೀ ಸರ್‌ಗಾಗಲೀ ಅದು ಹೊಳೆದೇ ಇರಲಿಲ್ಲ. ಅವತ್ತೇ ಅಲ್ಲೇ ಕೂತು ಬರೆದೆ. ಎಷ್ಟು ಎಮ್ಮೆ, ಎಷ್ಟು ಮನೆ, ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇರುತ್ತದೆ, ಯಾವ ಯಾವ ಹುಳ ಈಗಲೂ ಕಾಣುತ್ತವೆ. ಕಂಡದ್ದನ್ನಷ್ಟೇ ಬರೆದೆ. ಸಂಶೋಧಕಿಗೂ ಒಂದು ಪ್ರತಿ ಕಳಿಸಿದೆ, ಅವಳು ತನ್ನದನ್ನು ಸೇರಿಸಿ ಅಧಿಕಾರಿಗಳಿಗೆ ಕೊಟ್ಟಳು. ಎರಡು ವರ್ಷದ ಮೇಲೆ ಕೆರೆಯ ರಸ್ತೆ ಕಡೆಯ ಅರ್ಧ ಹೋಯಿತು, ಹೊಲದ ಕಡೆಯ ಅರ್ಧ ಉಳಿಯಿತು. ನಮ್ಮ ಬರಹದಿಂದ ಉಳಿಯಿತೋ, ಲಾರಿ ನಿಲ್ಲಿಸುವವರಿಗೆ ಅಷ್ಟೇ ಜಾಗ ಸಾಕಾಯಿತೋ, ನನಗೆ ಗೊತ್ತಿಲ್ಲ. ಸುಳ್ಳಿಗೆ ಸಹಿ ಮಾಡಿದ್ದರೆ ಪೂರ್ತಿ ಉಳಿಯುತ್ತಿತ್ತೋ ಏನೋ. ಲಾರಿಗಳ ಕೆಳಗಿನ ಆ ಅರ್ಧವನ್ನು ನೋಡಿದಾಗೆಲ್ಲ ಈ ಪ್ರಶ್ನೆ ನನ್ನನ್ನು ಕೇಳುತ್ತದೆ, ಉತ್ತರ ಇನ್ನೂ ಸಿಕ್ಕಿಲ್ಲ.

ಪಟ್ಟಿಯಲ್ಲಿ ಆ ಹುಳದ ಮುಂದೆ "ಮಾಹಿತಿ ಸಾಲದು" ಎಂದೇ ಉಳಿಯಿತೆಂದು ಸಂಶೋಧಕಿ ಪತ್ರ ಬರೆದಳು. ಮೊದಲಾಗಿದ್ದರೆ ಅದನ್ನು ಓದಿ ಬೇಸರಪಡುತ್ತಿದ್ದೆ. ಈಗ ಅದರಷ್ಟು ಪ್ರಾಮಾಣಿಕವಾದ ಮಾತು ಆ ಪಟ್ಟಿಯಲ್ಲಿ ಇನ್ನೊಂದಿಲ್ಲ ಅನಿಸಿತು. ಗೊತ್ತಿಲ್ಲ ಎಂದು ಒಪ್ಪಿಕೊಂಡವರು ಮಾತ್ರ ಮತ್ತೆ ಹುಡುಕಲು ಹೋಗುತ್ತಾರೆ.

ಸರ್ ನಿವೃತ್ತರಾದ ಮೇಲೆ ವಿಭಾಗ ನನ್ನ ಕೈಗೆ ಬಂತು. ಹು‌ಳದ ಡಬ್ಬಿ ನಿಲ್ಲಿಸಿದೆ. ಯಾವುದಾದರೂ ಒಂದು ಕೆರೆಗೆ ಹೋಗಿ, ಎರಡು ತಾಸು ಕೂತು, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ ಎಂದೆ. ಹುಳ ಕೊಲ್ಲುವುದು ತಪ್ಪಿತೆಂದು ಅವ್ವ ಸಂತೋಷಪಟ್ಟಳು. ಹುಡುಗರು ಗೊಣಗಿದರು. ಮೊದಲ ವರ್ಷ ಬಂದ ನೋಟ್‌ಬುಕ್ಕುಗಳಲ್ಲಿ ಬಣ್ಣಬಣ್ಣದ ಹುಳಗಳು ತುಂಬಿದ್ದವು. ಅವುಗಳಲ್ಲಿ ಅರ್ಧ, ಪುಸ್ತಕ ನೋಡಿ ಬರೆದವು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಪದ್ಧತಿ ಬದಲಾದ ಮಾತ್ರಕ್ಕೆ ಬುದ್ಧಿ ಬದಲಾಗುತ್ತದೆಯೇ?

ಆ ರಾಶಿಯಲ್ಲಿ ಗಬ್ಬೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯ ನೋಟ್‌ಬುಕ್ ಇತ್ತು. ತರಗತಿಯಲ್ಲಿ ಬಾಯಿ ಬಿಡದ, ಹಿಂದಿನ ಬೆಂಚಿನ ಹುಡುಗಿ. ಒಂದು ಪುಟದಲ್ಲಿ ತಾರೀಖು ಹಾಕಿ ಮೂರೇ ಸಾಲು ಬರೆದಿದ್ದಳು. "ನಮ್ಮೂರ ಕೆರೆ. ಮುಂಜಾನೆ ಎರಡು ತಾಸು ಕೂತೆ. ಎಮ್ಮಿ ಕಾವಲಗಾರ ಕಾಣಲಿಲ್ಲ." ಉಳಿದ ಪುಟ ಖಾಲಿ.

ಐದಕ್ಕೆ ಐದು ಕೊಟ್ಟೆ. ಕೆಳಗೆ ಸಹಿ ಮಾಡಿ, ಗೋಡೆಯ ಮೇಲಿನ ಕ್ಯಾಲೆಂಡರನ್ನು ಎರಡು ಸಲ ನೋಡಿ ತಾರೀಖು ಬರೆದೆ.